ಸರಸ್ವತಿಯ ವಶದಲ್ಲಿದ್ದ ಸ್ಮಾರ್ಟ್ ಕಾರ್ಡು

ಪ್ರತಿಯೊಬ್ಬ ಮನುಷ್ಯನಿಗೂ ಜಂಬ ಪಡಲು ಏನಾದರೊಂದು ಬೇಕು. ಕೆಲವರಿಗೆ ಮೀಸೆ ಇರುತ್ತದೆ, ಕೆಲವರಿಗೆ ಮನೆತನ, ಇನ್ನು ಕೆಲವರಿಗೆ ಅಳಿಯ. ಈ ಮೂರರಲ್ಲಿ ಒಂದೂ ನನಗೆ ಒದಗಿ ಬರಲಿಲ್ಲ. ಮೀಸೆ ಬಿಟ್ಟರೆ ಅವ್ವನಿಗೆ ಸೇರುತ್ತಿರಲಿಲ್ಲ, ಮನೆತನದ ಬಗ್ಗೆ ಹೇಳಿಕೊಳ್ಳುವಂಥದ್ದೆಲ್ಲ ಅಜ್ಜನ ಕಾಲಕ್ಕೇ ಮುಗಿದಿತ್ತು, ಮಗಳು ಇನ್ನೂ ಪಿಯುಸಿ ಓದುತ್ತಿದ್ದಳು. ಹಾಗಾಗಿ ನಾನು ಜಂಬಕ್ಕೆಂದು ಟೈಮನ್ನು ಆರಿಸಿಕೊಂಡೆ. ಅದಕ್ಕೆ ಖರ್ಚಿಲ್ಲ, ಎಲ್ಲರ ಹತ್ತಿರವೂ ಇರುತ್ತದೆ, ಆದರೆ ಯಾರೂ ಸರಿಯಾಗಿ ಇಟ್ಟುಕೊಂಡಿರುವುದಿಲ್ಲ. ವಾಡಿ, ಶಹಾಬಾದ, ಸೇಡಂ ಸುತ್ತಿನ ಅನೇಕ ಸಿಮೆಂಟ್ ಕಾರ್ಖಾನೆಗಳಲ್ಲಿ ಒಂದರಲ್ಲಿ ನಾನು ಟೈಮ್ ಆಫೀಸಿನ ಗುಮಾಸ್ತ. ಯಾವುದು ಎಂದು ಹೇಳುವುದಿಲ್ಲ. ಎಲ್ಲದರ ಧೂಳೂ ಒಂದೇ ಬಣ್ಣದ್ದು. ಯಾರು ಎಷ್ಟು ಗಂಟೆಗೆ ಒಳಗೆ ಬಂದರು, ಯಾರು ಎಷ್ಟು ಗಂಟೆಗೆ ಹೊರಗೆ ಹೋದರು ಎಂಬುದನ್ನು ಹಾಜರಿ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ವೇಳೆಗೆ ಬಂದವರಿಗೆ ನೀಲಿ ಶಾಯಿ, ತಡವಾಗಿ ಬಂದವರಿಗೆ ಕೆಂಪು ಶಾಯಿ. ನನ್ನ ಹೆಸರು ವೆಂಕಟೇಶಾಚಾರ್ ಎಂದಿದ್ದರೂ ಗೇಟಿನಿಂದ ಭಟ್ಟಿಯ ತನಕ ಎಲ್ಲರೂ ಕರೆಯುತ್ತಿದ್ದದ್ದು ಟೈಮ್ ಆಚಾರ್ರು ಎಂದೇ.

ನಮ್ಮ ಕಾರ್ಖಾನೆಯಲ್ಲಿ ಒಂದು ಪದ್ಧತಿ. ವರ್ಷಪೂರ್ತಿ ಒಂದು ಅರ್ಧ ದಿನವೂ ತಪ್ಪದೆ ಬಂದವರಿಗೆ ವಾರ್ಷಿಕೋತ್ಸವದಲ್ಲಿ ಒಂದು ಗೋಡೆ ಗಡಿಯಾರ ಕೊಡುತ್ತಾರೆ. ಹತ್ತೊಂಬತ್ತು ವರ್ಷ ನಾನು ಸತತವಾಗಿ ಹತ್ತೊಂಬತ್ತು ಗಡಿಯಾರ ತಂದಿದ್ದೆ. ನಮ್ಮ ಬಳಗದಲ್ಲಿ ಯಾರದೇ ಮದುವೆಯಾಗಲಿ, ಗೃಹಪ್ರವೇಶವಾಗಲಿ, ನನ್ನ ಉಡುಗೊರೆ ಏನೆಂಬುದು ಲಗ್ನಪತ್ರಿಕೆ ಅಚ್ಚಾಗುವ ಮೊದಲೇ ಎಲ್ಲರಿಗೂ ತಿಳಿದಿರುತ್ತಿತ್ತು. ಹಂಚಿ ಉಳಿದ ಮೂರು ಚಿತ್ತಾಪುರದ ನಮ್ಮ ಮನೆಯ ಪಡಸಾಲೆಯಲ್ಲಿವೆ. ಮೂರೂ ಮೂರು ಸಮಯ ತೋರಿಸುತ್ತವೆ. ಇಪ್ಪತ್ತನೆಯ ವರ್ಷಕ್ಕೆ ಗಡಿಯಾರದ ಜೊತೆ ಶಾಲು ಹೊದಿಸಿ, ವೇದಿಕೆಯ ಮೇಲೆ ಎರಡು ಮಾತಾಡಲು ಬಿಡುತ್ತಾರೆಂದು ಸುದ್ದಿ ಇತ್ತು. ಆ ಎರಡು ಮಾತನ್ನು ನಾನು ಮೂರು ಪುಟಗಳಲ್ಲಿ ಬರೆದು ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ಇದನ್ನು ಹೆಂಡತಿಗೂ ಹೇಳಿರಲಿಲ್ಲ. ಆದರೆ ಹಾಸಿಗೆ ಮಡಚುವವಳು ಅವಳೇ ಆದ್ದರಿಂದ ಅವಳಿಗೆ ಗೊತ್ತಿತ್ತು.

ಆ ಇಪ್ಪತ್ತನೆಯ ವರ್ಷದಲ್ಲೇ ಸ್ಮಾರ್ಟ್ ಕಾರ್ಡು ಬಂತು. ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಮೊಬೈಲಿನೊಳಗೆ ಉಗುರಿನಷ್ಟು ಸಿಮ್ ಕಾರ್ಡು ಇರುತ್ತದೆ ಎಂಬುದನ್ನೇ ನಾವು ಇನ್ನೂ ಅರಗಿಸಿಕೊಳ್ಳುತ್ತಿದ್ದ ಕಾಲ. ಹೆಡ್ ಆಫೀಸಿನಿಂದ ಒಬ್ಬರು ಬಂದು ಎಲ್ಲರ ಫೋಟೋ ತೆಗೆದು, ಒಂದೊಂದು ಕಾರ್ಡು ಕೊಟ್ಟು, ಅದರ ಮೂಲೆಯಲ್ಲಿ ಮಿನುಗುವ ಹಳದಿ ಚಿಪ್ಪಿನೊಳಗೆ ನಮ್ಮ ಜಾತಕವೆಲ್ಲ ಇದೆ ಎಂದರು. ಗೇಟಿನಲ್ಲಿ ಕೂರಿಸಿದ ಮಷೀನಿನ ಬಾಯಿಗೆ ಕಾರ್ಡು ಕೊಟ್ಟರೆ ಅದು ಒಂದು ಗಳಿಗೆ ರುಚಿ ನೋಡಿ, ಹಸಿರು ದೀಪ ಹತ್ತಿಸಿ, ಕುಂಯ್ ಅನ್ನುತ್ತಿತ್ತು. ಅಲ್ಲಿಗೆ ಹಾಜರಿ. ಅದೇ ಕಾರ್ಡು ತೋರಿಸಿದರೆ ಕ್ಯಾಂಟೀನಿನಲ್ಲಿ ಪಾಳಿಗೆ ಒಂದು ಚಹಾ, ದವಾಖಾನೆಯಲ್ಲಿ ಗುಳಿಗೆ. ದಿನನಿತ್ಯದ ಉಪಯೋಗಗಳು ಎಂದು ಒಂದು ಸಣ್ಣ ಪುಸ್ತಿಕೆಯನ್ನೂ ಹಂಚಿದರು. ನಮ್ಮ ಜನ ಆ ಪುಸ್ತಿಕೆಯನ್ನು ಓದಲಿಲ್ಲ, ಉಪಯೋಗಗಳನ್ನು ಮಾತ್ರ ತಾವೇ ಕಂಡುಹಿಡಿದರು. ತಂಬಾಕು ತಿನ್ನುವವರು ಡಬ್ಬಿಯಿಂದ ಸುಣ್ಣ ತೆಗೆಯಲು ಬಳಸಿದರು. ಕ್ವಾರ್ಟರ್ಸಿನ ಒಬ್ಬರು ಬೀಗದ ಕೈ ಒಳಗೆ ಮರೆತು, ಬಾಗಿಲ ಸಂದಿನಲ್ಲಿ ಕಾರ್ಡು ತೂರಿಸಿ ಚಿಲಕ ಸರಿಸಿದರು. ಆಮೇಲೆ ವಾರಗಟ್ಟಲೆ ಅಕ್ಕಪಕ್ಕದವರು ಅವರನ್ನು ಅನುಮಾನದಿಂದ ನೋಡಿದರು. ನನ್ನ ಹೆಂಡತಿ ನನ್ನ ಕಾರ್ಡಿನಿಂದ ಶೇಂಗಾ ಚಿಕ್ಕಿ ಕೊಯ್ದಳು. ಅಂಚು ಭಾಳ ಛಲೋ ಬರುತ್ತದೆ ಎಂದು ಹೊಗಳಿದಳು ಕೂಡ.

ಮಷೀನು ಬಂದ ಮೇಲೆ ನನ್ನ ನೀಲಿ ಶಾಯಿ, ಕೆಂಪು ಶಾಯಿ ಎರಡೂ ಒಣಗಿದವು. ಆದರೆ ಸಾಹೇಬರು ನನ್ನ ಮನಸ್ಸು ನೋಯಬಾರದೆಂದು ಮಷೀನಿನ ಉಸ್ತುವಾರಿಯನ್ನೇ ನನಗೆ ವಹಿಸಿದರು. ಮೊದಲ ದಿನವೇ ಕುಳಿತು ದುಂಡಗಿನ ಅಕ್ಷರದಲ್ಲಿ ಒಂದು ನೋಟೀಸು ಬರೆದೆ: 'ಕಾರ್ಡು ಇಲ್ಲದ ಯಾರನ್ನೂ ಯಾವ ಕಾರಣಕ್ಕೂ ಒಳಗೆ ಬಿಡತಕ್ಕದ್ದಲ್ಲ.' ಯಾವ ಕಾರಣಕ್ಕೂ ಎಂಬಲ್ಲಿ ಕೆಂಪು ಶಾಯಿಯಿಂದ ಎರಡು ಗೆರೆ ಎಳೆದೆ. ಕೆಂಪು ಪೆನ್ನಿಗೆ ಅದೇ ಕೊನೆಯ ಕೆಲಸ ಎಂದು ತುಸು ಒತ್ತಿಯೇ ಎಳೆದಿದ್ದೆ. ಕೆಳಗೆ ದೊಡ್ಡದಾಗಿ ಸಹಿ ಹಾಕಿ ಗೇಟಿನ ಪಕ್ಕದ ಗೋಡೆಗೆ ಅಂಟಿಸಿದೆ.

ಇಲ್ಲಿ ಸಾಯಬಣ್ಣನ ವಿಷಯ ಹೇಳಬೇಕು. ಸಾಯಬಣ್ಣ ದಂಡೋತಿಯವನು, ನಮ್ಮಲ್ಲಿ ಲಾರಿಗೆ ಚೀಲ ತುಂಬುವ ಕೆಲಸ. ಅವನ ಮನೆಯವರು ತಲೆತಲಾಂತರದಿಂದ ಕಾಗಿಣಾ ಹೊಳೆಯ ಮಗ್ಗುಲಲ್ಲೇ ಇದ್ದವರು. ಅಪ್ಪ ದೋಣಿ ನಡೆಸುತ್ತಿದ್ದ. ಸೇತುವೆ ಆದ ಮೇಲೆ ದೋಣಿ ಹೋಯಿತು. ಆದರೆ ಮಳೆಗಾಲದಲ್ಲಿ ಹೊಳೆ ಬಂದರೆ ಆ ಸೇತುವೆಯೂ ಮುಳುಗುತ್ತದೆ. ದೋಣಿ ಮೊದಲೇ ಇಲ್ಲ, ಬಸ್ಸೂ ಬರುವುದಿಲ್ಲ. ಆ ವರ್ಷದ ಮಳೆಗಾಲದಲ್ಲಿ ಎರಡು ದಿನ ಸಾಯಬಣ್ಣ ಮೊಣಕಾಲ ತನಕ ಕೆಸರು ಮಾಡಿಕೊಂಡು ತಡವಾಗಿ ಬಂದು ನಿಂತ. ಮಷೀನು ಕುಂಯ್ ಅಂದಿತು, ಆದರೆ ಅರ್ಧ ದಿನ ಎಂದು ಬರೆದುಕೊಂಡಿತು. ಎರಡನೆಯ ದಿನ ಅವನು ನನ್ನ ಕಿಟಕಿಗೆ ಬಂದ.

"ಸಾಹೇಬ್ರ, ಹೊಳಿ ಬಂದಿತ್ರಿ. ಬಸ್ ಆ ಕಡಿಗೇ ನಿಂತದ. ನಾ ಸುತ್ತ ಹಾದು ನಡಕೊಂತ ಬಂದೀನ್ರಿ."

"ಹೊಳಿ ಬಂದ್ರ ನಾ ಏನು ಮಾಡ್ಲೋ ಸಾಯಬಣ್ಣ? ಹಾಜರಿಯೊಳಗ ಹೊಳಿಗೆ ಕಾಲಂ ಇಲ್ಲ" ಎಂದೆ. ಹೇಳಿದ ಮೇಲೆ ಮಾತು ಚೆನ್ನಾಗಿದೆ ಅನ್ನಿಸಿತು. ಪಕ್ಕದಲ್ಲಿದ್ದವರು ನಕ್ಕರು. ಸಾಯಬಣ್ಣ ನಗಲಿಲ್ಲ. "ಹೌದೇನ್ರಿ" ಎಂದು ಹೇಳಿ, ಗೇಟಿನ ಹೊರಗಿನ ಫರಸಿ ಕಲ್ಲಿನ ಮೇಲೆ ಹೋಗಿ ಕುಳಿತ. ತಡವಾಗಿ ಬಂದವರು ಅರ್ಧ ದಿನ ಮುಗಿಯುವ ತನಕ ಕೂಡುವ ಕಲ್ಲು ಅದು. ನಾನು ಆ ದಿನ ಮನೆಗೆ ಬಂದು ಆ ಹೊಳೆಯ ಮಾತನ್ನು ನನ್ನ ಮೂರು ಪುಟದ ಭಾಷಣದಲ್ಲಿ ಸೇರಿಸಲು ಜಾಗ ಹುಡುಕಿದೆ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಇನ್ನು ದಸರೆ. ನಮ್ಮ ಮನೆಯಲ್ಲಿ ನವರಾತ್ರಿಯ ಮೂಲಾ ನಕ್ಷತ್ರದ ದಿನ ಸರಸ್ವತಿಯನ್ನು ಕೂರಿಸುತ್ತಾರೆ. ಮನೆಯಲ್ಲಿರುವ ಪುಸ್ತಕಗಳನ್ನು ಮಣೆಯ ಮೇಲೆ ಒಟ್ಟಿ, ಮೇಲೆ ಖಣ ಹೊದಿಸಿ, ಪೂಜೆ ಮಾಡಿದರೆ ಶ್ರವಣ ನಕ್ಷತ್ರದಲ್ಲಿ ವಿಸರ್ಜನೆ ಆಗುವ ತನಕ ಯಾರೂ ಅವನ್ನು ಮುಟ್ಟುವಂತಿಲ್ಲ, ಓದುವಂತಿಲ್ಲ. ಚಿಕ್ಕಂದಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಹಬ್ಬ ಇದೇ. ಗಣಿತದ ಪುಸ್ತಕವನ್ನು ಎಲ್ಲಕ್ಕಿಂತ ಕೆಳಗೆ ಇಡುತ್ತಿದ್ದೆ. ನೌಕರಿ ಸಿಕ್ಕ ಮೇಲೆ ಪ್ರತಿ ವರ್ಷ ನನ್ನ ಕೆಂಪು ಪೆನ್ನು ಇಡುತ್ತಿದ್ದೆ. ಆ ವರ್ಷ ಶನಿವಾರ ಸಂಜೆ ಅವ್ವ ದೇವರ ಮನೆಯಿಂದಲೇ ಕೂಗಿ, "ಏನೋ ವೆಂಕ್ಯಾ, ನಿನ್ನ ಪೆನ್ನು ಎಲ್ಲಿ?" ಎಂದಳು. ಅವ್ವನಿಗೆ ಎಪ್ಪತ್ತೆಂಟು. ನನಗೆ ಐವತ್ತು ದಾಟಿತ್ತು. ಈ ಎರಡು ಸಂಖ್ಯೆಗಳಿಂದ ನಮ್ಮ ಮನೆಯಲ್ಲಿ ಏನೂ ಬದಲಾಗಿರಲಿಲ್ಲ.

"ಈಗ ಪೆನ್ನು ಇಲ್ಲವ್ವ. ಈ ಕಾರ್ಡಿನೊಳಗ ಎಲ್ಲಾ ಬರದಿರತದ" ಎಂದು ಜೇಬಿನಿಂದ ತೆಗೆದು ದೂರದಿಂದಲೇ ತೋರಿಸಿದೆ. ಅವ್ವ ಮಡಿಯಲ್ಲಿದ್ದಳು.

ಅವ್ವ ಕಣ್ಣು ಕಿರಿದು ಮಾಡಿ ನೋಡಿದಳು. "ಆ ಹಳದೀದು ಖರೇ ಬಂಗಾರ ಏನೋ?"

"ಅಲ್ಲವ್ವ. ಅದರಾಗ ನನ್ನ ಹೆಸರು, ನಂಬರ, ಹಾಜರಿ, ಎಲ್ಲಾ ಇರತದ."

"ಬರದಿರತದ ಅಂದ್ರ ಇದೂ ಪುಸ್ತಕನ ಆತಲ್ಲೋ. ನೀರು ಚುಮುಕಿಸಿ ಸರಸ್ವತಿ ಮುಂದ ಇಡು."

ಒತ್ತಾಯ ಮಾಡಿದಳೆಂದು ಅವ್ವನ ಮೇಲೆ ಹಾಕಬಹುದು. ಆದರೆ ಖರೆ ಏನೆಂದರೆ ನಾನು ಖುಷಿಯಿಂದಲೇ ಇಟ್ಟೆ. ಸಂಜೆ ಅರಿಶಿನ ಕುಂಕುಮಕ್ಕೆ ಬರುವ ಓಣಿಯ ಹೆಂಗಸರು ರಾಶಿ ಪುಸ್ತಕಗಳ ಮೇಲೆ ನನ್ನ ಫೋಟೋ ಇರುವ ಕಾರ್ಡು ಮಿನುಗುವುದನ್ನು ನೋಡಲಿ ಎಂಬ ಆಸೆ. ಲೆಕ್ಕವನ್ನೂ ಹಾಕಿದ್ದೆ. ಮರುದಿನ ಭಾನುವಾರ, ಸೋಮವಾರ ನವಮಿಯ ರಜೆ. ಮಂಗಳವಾರ ದಶಮಿ, ಅಂದು ಎಲ್ಲರಿಗೂ ರಜೆ ಇದ್ದರೂ ಭಟ್ಟಿ ಆರಿಸುವಂತಿಲ್ಲವಾದ್ದರಿಂದ ಸರದಿಯ ಮೇಲೆ ಕೆಲವರು ಬರಬೇಕು, ಆ ವರ್ಷ ಟೈಮ್ ಆಫೀಸಿನಿಂದ ನನ್ನ ಸರದಿ. ಅವ್ವ ನಾಲ್ಕು ಗಂಟೆಗೇ ಸ್ನಾನ ಮಾಡುವವಳು. ಹೋದ ವರ್ಷ ಬೆಳಗ್ಗೆ ಆರಕ್ಕೇ ವಿಸರ್ಜನೆ ಮುಗಿಸಿದ್ದಳು. ಎಂಟಕ್ಕೆ ನಾನು ಗೇಟಿನಲ್ಲಿ. ಎಲ್ಲವೂ ಗಡಿಯಾರದಂತೆ ನಡೆಯುತ್ತದೆ ಎಂದುಕೊಂಡೆ. ನಮ್ಮ ಮನೆಯ ಗಡಿಯಾರಗಳ ಸ್ಥಿತಿ ಆಗ ನೆನಪಿಗೆ ಬರಬೇಕಿತ್ತು.

ಮಂಗಳವಾರ ಬೆಳಗ್ಗೆ ಏಳಕ್ಕೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ದೇವರ ಮನೆಯ ಹೊಸ್ತಿಲಲ್ಲಿ ನಿಂತೆ. ಖಣ ಹಾಗೇ ಇತ್ತು. ಅದರ ತುದಿಯಲ್ಲಿ ನನ್ನ ಫೋಟೋದ ಹಣೆ ಮಾತ್ರ ಕಾಣುತ್ತಿತ್ತು, ಅದಕ್ಕೆ ಗಂಧ ಹಚ್ಚಿತ್ತು.

"ಅವ್ವಾ, ಕಾರ್ಡು ಕೊಡು. ಟೈಮ್ ಆತು."

"ಯಾವ ಟೈಮು? ಶ್ರವಣ ನಕ್ಷತ್ರ ಹತ್ತೋದು ಹನ್ನೊಂದೂ ನಲವತ್ತಕ್ಕ. ಆಮ್ಯಾಲ ವಿಸರ್ಜನಾ. ಆಮ್ಯಾಲ ಕಾರ್ಡು."

"ಹೋದ ವರ್ಷ ಮುಂಜಾನೇನ ಆಗಿತ್ತಲ್ಲವ್ವ!"

"ಹೋದ ವರ್ಷದ ನಕ್ಷತ್ರ ಹೋದ ವರ್ಷಕ್ಕ ಹೋತು."

"ಅವ್ವಾ, ಇಪ್ಪತ್ತು ವರ್ಷದ ಹಾಜರಿ. ಒಂದ್ ಅರ್ಧ ದಿನ ತಪ್ಪಿದ್ರ ಎಲ್ಲಾ ನೀರಾಗ ಹೋಗತದ. ಬರೇ ಆ ಒಂದು ಕಾರ್ಡು ಸರಿಸಿ ಕೊಡು, ಉಳಿದದ್ದು ಹಂಗೇ ಇರಲಿ."

"ನೌಕರಿ ಕೊಟ್ಟಾಕಿನೂ ಆಕಿನೇ. ಆಕಿಗೆ ಅವಸರ ಮಾಡಬ್ಯಾಡ" ಎಂದು ಅವ್ವ ಮಣಿ ಎಣಿಸಲು ಶುರು ಮಾಡಿದಳು. ಯಾವ ಮುಲಾಜೂ ಇಲ್ಲ, ಸಿಟ್ಟೂ ಇಲ್ಲ. ಈ ದನಿಯನ್ನು ಎಲ್ಲೋ ಕೇಳಿದ್ದೇನಲ್ಲ ಎಂದು ಯೋಚಿಸಿದೆ. ಇಪ್ಪತ್ತು ವರ್ಷ ನನ್ನ ಕಿಟಕಿಯಿಂದ ಹೊರಗೆ ಹೋಗುತ್ತಿದ್ದ ದನಿ ಅದು. ಹೆಂಡತಿ ಅಡಿಗೆ ಮನೆಯಿಂದಲೇ, "ಚಿಕ್ಕಿ ಕೊಯ್ಯೋದಕ್ಕ ಇಟ್ಟುಕೊಂಡಿದ್ರ ಇಷ್ಟೊತ್ತಿಗೆ ನಿಮ್ಮ ಕೈಯಾಗ ಇರತಿತ್ತು" ಎಂದಳು.

ಕಾರ್ಡಿಲ್ಲದೆಯೇ ಹೊರಟೆ. ಟಂಟಂ ಆಟೋ ಹಿಡಿದು ಎಂಟಕ್ಕೆ ಐದು ನಿಮಿಷ ಇರುವಾಗ ಗೇಟಿಗೆ ಮುಟ್ಟಿದೆ. ಗೇಟಿನಲ್ಲಿ ಖಾಜಾಸಾಬ. ನನ್ನಷ್ಟೇ ವರ್ಷ ನೌಕರಿಯಾದ ಕಾವಲುಗಾರ. ದಿನಾ ನನಗೆ ಸಲಾಂ ಮಾಡಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ. ಅವನಿಗೆ ವಿಷಯ ಹೇಳಿದೆ. ಮೂಲಾ, ಶ್ರವಣ, ಖಣ, ಎಲ್ಲವನ್ನೂ ತಾಳ್ಮೆಯಿಂದ ಕೇಳಿದ.

"ದೇವ್ರ ಕೆಲಸ ಬರೋಬ್ಬರಿ ಅದ ಆಚಾರ್ ಸಾಬ್" ಎಂದ. "ಮಗರ್ ಇಲ್ಲಿ ನೋಡ್ರಿ." ಗೋಡೆಯ ಕಡೆ ಲಾಠಿ ತೋರಿಸಿದ. ಯಾವ ಕಾರಣಕ್ಕೂ. ಎರಡು ಗೆರೆ. "ದಸ್ಕತ್ ನಿಮ್ದೇ ಅದ. ನಾ ನಿಮ್ಮನ್ನ ಬಿಟ್ಟರ ನಾಳೆ ನೀವೇ ನನಗ ಮೆಮೋ ಕೊಡ್ತೀರಿ."

ಕೊಡುತ್ತಿದ್ದೆ. ಅದರಲ್ಲಿ ಅನುಮಾನವಿರಲಿಲ್ಲ. ಹಾಗಾಗಿ ಫರಸಿ ಕಲ್ಲಿನ ಮೇಲೆ ಹೋಗಿ ಕುಳಿತೆ. ಅಷ್ಟರಲ್ಲಿ ಚಿತ್ತಾಪುರದ ಕಡೆಯ ಬಸ್ಸು ಇಳಿದು, ಅವತ್ತಿನ ಸರದಿಯವನೇ ಆದ ಸಾಯಬಣ್ಣ ಬಂದ. ನನ್ನನ್ನು ಆ ಕಲ್ಲಿನ ಮೇಲೆ ನೋಡಿ ನಿಂತ.

"ಯಾಕ್ರಿ ಸಾಹೇಬ್ರ, ಹೊರಗ ಕುಂತೀರಿ?"

ಹೇಳಿದೆ. ಹೇಳುವಾಗ ಶ್ರವಣ ನಕ್ಷತ್ರ ಎಂಬುದು ಎರಡನೆಯ ಸಲಕ್ಕೆ ಇನ್ನಷ್ಟು ಸಣ್ಣದಾಗಿ ಕೇಳಿಸಿತು. ಸಾಯಬಣ್ಣ ಪೂರ್ತಿ ಕೇಳಿ, ನಿಜವಾದ ಕಾಳಜಿಯಿಂದ, "ಮಷೀನಿನ್ಯಾಗ ದೇವ್ರಿಗೂ ಕಾಲಂ ಇಲ್ಲೇನ್ರಿ?" ಎಂದ. ನನ್ನ ಮುಖವನ್ನೇ ನೋಡುತ್ತಿದ್ದ. ಕುಚೋದ್ಯ ಕಾಣಲಿಲ್ಲ. ಕುಚೋದ್ಯ ಇದ್ದಿದ್ದರೆ ಎಷ್ಟೋ ಮೇಲಿತ್ತು. ನಾನು ಇಲ್ಲ ಎಂದು ತಲೆಯಾಡಿಸಿದೆ. ಅವನು ಕಾರ್ಡು ತೂರಿಸಿದ, ಹಸಿರು ದೀಪ ಹತ್ತಿತು, ಒಳಗೆ ಹೋದ.

ಆ ಕಲ್ಲಿನ ಬಗ್ಗೆ ಎರಡು ಮಾತು ಹೇಳಬಹುದು. ಶಹಾಬಾದದ ಗಣಿಯದು, ನುಣುಪಾಗಿದೆ, ಚೌಕಾಗಿದೆ, ಕೂಡಲು ಅಡ್ಡಿಯಿಲ್ಲ. ಆದರೆ ಒಂಬತ್ತಕ್ಕೆ ಅದರ ಮೇಲೆ ಬಿಸಿಲು ಬಂದರೆ ಹೋಗುವುದೇ ಇಲ್ಲ. ಹತ್ತಕ್ಕೆ ಧೋತರದೊಳಗಿಂದ ಚುರುಗುಡಲು ಶುರುವಾಗುತ್ತದೆ. ನನ್ನ ಕಿಟಕಿಯಿಂದ ಕಲ್ಲು ಕಾಣುತ್ತಿತ್ತು, ಬಿಸಿಲು ಕಂಡಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಎಷ್ಟು ಜನರನ್ನು ಅಲ್ಲಿ ಕೂರಿಸಿರಬಹುದು ಎಂದು ಲೆಕ್ಕ ಹಾಕಲು ಹೋದೆ, ಮನಸ್ಸಿಗೆ ಕೆಡುಕೆನಿಸಿ ಬಿಟ್ಟುಬಿಟ್ಟೆ. ಆ ಹೊತ್ತಿಗೆ ಸಾಯಬಣ್ಣ ಗೇಟಿನ ಸಂದಿನಿಂದ ಕೈ ಚಾಚಿ ಒಂದು ಗ್ಲಾಸು ಚಹಾ ಕೊಟ್ಟ. ಪಾಳಿಗೆ ಒಂದೇ ಚಹಾ, ಕಾರ್ಡಿನಲ್ಲಿ ಅಷ್ಟೇ ಬರೆದಿರುತ್ತದೆ. "ನಿಂದು?" ಎಂದೆ. "ನಾ ಮನ್ಯಾಗ ಕುಡದು ಬಂದೀನ್ರಿ" ಎಂದ. ನಾನು ಇಪ್ಪತ್ತು ವರ್ಷದಲ್ಲಿ ಕ್ಯಾಂಟೀನಿನ ಚಹಾ ಮುಟ್ಟಿದವನಲ್ಲ, ಮನೆಯಿಂದ ಥರ್ಮಾಸು ತರುವವನು. ಆವತ್ತು ಅದನ್ನೂ ಮರೆತು ಬಂದಿದ್ದೆ. ಕುಡಿದೆ. ಸಕ್ಕರೆ ಹೆಚ್ಚಾಗಿತ್ತು. ತಳದಲ್ಲಿ ಉಳಿದದ್ದನ್ನೂ ಬಿಡಲಿಲ್ಲ.

ಹನ್ನೆರಡೂವರೆಯೊಳಗೆ ಹಾಜರಾದರೆ ಅರ್ಧ ದಿನ, ಆಮೇಲೆ ಬಂದರೆ ಪೂರ್ತಿ ಗೈರು. ಹನ್ನೊಂದಕ್ಕೆ ಮತ್ತೆ ಟಂಟಂ ಹತ್ತಿ ಮನೆಗೆ ಹೋದೆ. ಹನ್ನೊಂದೂ ನಲವತ್ತಕ್ಕೆ, ಪಡಸಾಲೆಯ ಮೂರು ಗಡಿಯಾರಗಳಲ್ಲಿ ಒಂದನ್ನೂ ನೋಡದೆ, ಅವ್ವ ಸರಿಯಾಗಿ ಅಕ್ಷತೆ ಹಾಕಿ ಮಣೆ ಕದಲಿಸಿದಳು. ಕಾರ್ಡನ್ನು ಎರಡೂ ಕೈಯಿಂದ ಎತ್ತಿ ಕೊಟ್ಟು, "ಕಣ್ಣಿಗೆ ಒತ್ತಿಕೊ" ಎಂದಳು. ಒತ್ತಿಕೊಂಡು ಓಡಿದೆ. ಗೇಟಿನಲ್ಲಿ ಮಷೀನು ಅದನ್ನು ಬಾಯಿಗೆ ಹಾಕಿಕೊಂಡು ತಕ್ಷಣ ಉಗುಳಿತು. ಚಿಪ್ಪಿನ ಮೇಲೆ ಮೂರು ದಿನದ ಗಂಧ, ಕುಂಕುಮ. ಖಾಜಾಸಾಬ ತನ್ನ ಕರ್ಚೀಫಿಗೆ ಎಂಜಲು ಹಚ್ಚದೆ, ಮಡಿಗೆ ಮೈಲಿಗೆಯಾಗದಂತೆ ಬಾಟಲಿ ನೀರಿನಲ್ಲಿ ತೋಯಿಸಿ ಒರೆಸಿ ಕೊಟ್ಟ. ಹನ್ನೆರಡು ಇಪ್ಪತ್ತಾರಕ್ಕೆ ಕುಂಯ್ ಅಂದಿತು. ಅರ್ಧ ದಿನ.

ಇಪ್ಪತ್ತನೆಯ ಗಡಿಯಾರ, ಶಾಲು, ಮೂರು ಪುಟ, ಎಲ್ಲ ಹೋಯಿತು ಎಂದು ಮರುದಿನ ಕಂಪ್ಯೂಟರಿನ ಮುಂದೆ ಕುಳಿತಾಗ ಒಂದು ಮಾತು ಹೊಳೆಯಿತು. ಮಷೀನಿನ ತಪ್ಪು ತಿದ್ದಲು ಒಂದು ಫಾರಂ ಇತ್ತು. ಅದನ್ನು ತೆರೆಯುವ ಪಾಸ್‌ವರ್ಡು ನನ್ನ ಹತ್ತಿರ ಮಾತ್ರ. ಅಲ್ಲಿಯತನಕ ಒಂದು ಸಲವೂ ತೆರೆದಿರಲಿಲ್ಲ. ತೆರೆದರೆ ಕೊನೆಯಲ್ಲಿ ಒಂದು ಕಾಲಂ: 'ಇತರೆ ಕಾರಣ.' ಇಷ್ಟು ದಿನವೂ ಅಲ್ಲೇ ಇತ್ತು. ಹೊಳೆಗೂ ದೇವರಿಗೂ ಸಾಕಾಗುವಷ್ಟು ಜಾಗ ಖಾಲಿ ಬಿದ್ದಿತ್ತು. ನನ್ನ ಹೆಸರನ್ನೇ ಮೊದಲು ಟೈಪು ಮಾಡಿದೆ, ಸುಳ್ಳು ಯಾಕೆ ಹೇಳಲಿ. ಆದರೆ ಕಾರಣ ಬರೆಯುವಾಗ ಸಾಯಬಣ್ಣನ ಚಹಾ ಅಡ್ಡ ಬಂತು. ಅಳಿಸಿ, ಮೊದಲು ಅವನ ಎರಡು ಅರ್ಧ ದಿನಗಳಿಗೆ 'ಕಾಗಿಣಾ ಹೊಳೆ ಬಂದು ಸೇತುವೆ ಮುಳುಗಿದ್ದರಿಂದ' ಎಂದು ಬರೆದು ಹೆಡ್ ಆಫೀಸಿಗೆ ಕಳಿಸಿದೆ. ಅದರ ಹಿಂದೆಯೇ ನನ್ನದು: 'ಕಾರ್ಡು ಸರಸ್ವತಿಯ ವಶದಲ್ಲಿದ್ದುದರಿಂದ.'

ವಾರದ ಮೇಲೆ ಉತ್ತರ ಬಂತು. ಸಾಯಬಣ್ಣನದು ಮಂಜೂರು. ನನ್ನದಕ್ಕೆ ಒಂದು ಷರಾ: 'ಕಾರ್ಡನ್ನು ವಶದಲ್ಲಿಟ್ಟುಕೊಂಡಿದ್ದ ಶ್ರೀಮತಿ ಸರಸ್ವತಿಯವರ ಎಂಪ್ಲಾಯಿ ನಂಬರು ನಮೂದಿಸಿಲ್ಲ. ತಿರಸ್ಕರಿಸಲಾಗಿದೆ.'

ಸಾಯಬಣ್ಣ ಸುದ್ದಿ ತಿಳಿದು ಕಿಟಕಿಗೆ ಬಂದ. ತನ್ನ ಹಾಜರಿ ಸರಿಯಾದದ್ದಕ್ಕೆ ಕೈ ಮುಗಿದ. ನಾನು ದೊಡ್ಡ ಮನುಷ್ಯನಂತೆ ಇರಲಿ ಇರಲಿ ಎಂದೆ. ಹೋಗುವವನು ತಿರುಗಿ ನಿಂತು, "ಸಾಹೇಬ್ರ, ನಿಮ್ದೇನಾತ್ರಿ?" ಎಂದು ಕೇಳಿದ.

"ಹೊಳಿಗೆ ಕಾಲಂ ಸಿಕ್ತು ಸಾಯಬಣ್ಣ. ದೇವ್ರಿಗೆ ಸಿಗಲಿಲ್ಲ" ಎಂದೆ. ಇದೂ ಚೆನ್ನಾಗಿದೆ, ಅವನು ಮರುಗುತ್ತಾನೆ ಎಂದುಕೊಂಡೆ.

ಸಾಯಬಣ್ಣ ಎರಡೂ ಕಡೆ ತೂಗಿ ನೋಡಿದವನ ಹಾಗೆ ನಿಧಾನವಾಗಿ, "ಬರೋಬ್ಬರಿನೇ ಅದ ಬಿಡ್ರಿ ಸಾಹೇಬ್ರ" ಎಂದ. "ಹೊಳಿ ಯಾವಾಗ ಬರತದ ಅಂತ ಯಾರಿಗೂ ಹೇಳಿ ಬರಂಗಿಲ್ಲ. ನಿಮ್ಮ ದೇವ್ರದು ಹಂಗಲ್ಲಲ್ರಿ. ಇಷ್ಟು ಗಂಟಿಗೆ ಏಳ್ತಾಳಂತ ವರ್ಷದ ಮೊದಲೇ ಪಂಚಾಂಗದಾಗ ಅಚ್ಚು ಹಾಕಿರತಾರ. ನೀವು ಟೈಮ್ ನೋಡ್ಕೋಬೇಕಿತ್ರಿ."

ಹೇಳಿ ಹೋದ. ನಾನು ಕಿಟಕಿ ಮುಚ್ಚಿ, ಅವನ ಮಾತಿನಲ್ಲಿ ತಪ್ಪು ಹುಡುಕುತ್ತ ಸಂಜೆಯ ತನಕ ಕುಳಿತೆ. ಸಿಗಲಿಲ್ಲ.